ಮುದ್ದಯ್ಯ ಹೊಲಿದ ಕೊನೆಯ ಕಾರ್ಡು

ಮುದ್ದಯ್ಯ ತನ್ನ ಆಯುಸ್ಸಿನಲ್ಲಿ ಹೊಡೆದ ತೂತುಗಳನ್ನೆಲ್ಲ ಒಂದರ ಹಿಂದೊಂದು ಜೋಡಿಸಿದರೆ ಕೊಳ್ಳೇಗಾಲದಿಂದ ಹನೂರಿಗೆ ಒಂದು ಸುರಂಗವೇ ಆಗುತ್ತದೆ. ಬಸ್ಸು ಕೈಕೊಟ್ಟ ದಿನ ಜನ ಅದರೊಳಗೇ ನಡೆದು ಹೋಗಬಹುದು, ಬಿಸಿಲೂ ತಾಗುವುದಿಲ್ಲ. ಇದು ಸುಳ್ಳು ಎನ್ನುವವರು ಅವನ ಬಲಗೈ ಹೆಬ್ಬೆರಳನ್ನು ಒಮ್ಮೆ ನೋಡಬೇಕು. ಅದರ ಮೇಲಿನ ಜಡ್ಡು ಎಷ್ಟು ಗಟ್ಟಿಯೆಂದರೆ, ಒಮ್ಮೆ ಚೇಳೊಂದು ಕುಟುಕಲು ಹೋಗಿ ಕೊಂಡಿ ಮುರಿದುಕೊಂಡಿತು. ಆಮೇಲೆ ಆ ಚೇಳಿನ ವಂಶದವರು ಯಾರೂ ನಮ್ಮ ಬೀದಿಗೆ ಕಾಲಿಟ್ಟಿಲ್ಲ.

ಅವನು ತೂತು ಹೊಡೆಯುತ್ತಿದ್ದುದು ರಟ್ಟಿನ ಕಾರ್ಡುಗಳಿಗೆ. ರೇಷ್ಮೆ ಸೀರೆ ನೇಯುವ ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಎಂಬ ಪೆಟ್ಟಿಗೆ ಇರುತ್ತದೆ. ಅದರ ಮೇಲೆ ಒಂದಕ್ಕೊಂದು ಹೊಲಿದು ಹೂಮಾಲೆಯಂತೆ ಸುತ್ತುವ ಕಾರ್ಡುಗಳ ಸರಪಣಿ. ಕಾರ್ಡಿನಲ್ಲಿ ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಮಲಗುತ್ತದೆ. ನೇಯುವವನು ಕಾಲೊತ್ತಿದಂತೆಲ್ಲ ಒಂದೊಂದೇ ಕಾರ್ಡು ತಿರುಗಿ, ಅಂಚಿನಲ್ಲಿ ನವಿಲು ಗರಿಗರಿಯಾಗಿ ಹುಟ್ಟುತ್ತದೆ. ಒಂದು ತೂತು ತಪ್ಪಿದರೆ ನವಿಲಿಗೆ ಮೂರು ಕಾಲು. ಮುದ್ದಯ್ಯ ಐವತ್ತು ವರ್ಷದಲ್ಲಿ ಮೂರು ಕಾಲಿನ ನವಿಲನ್ನು ಹುಟ್ಟಿಸಿದ್ದು ಒಂದೇ ಸಲ, ಅದೂ ಅವನ ಮದುವೆಯ ವಾರದಲ್ಲಿ. ಆದ್ದರಿಂದ ಬೀದಿಯವರು ಕ್ಷಮಿಸಿದರು.

ಹುಟ್ಟಿದ್ದು ನೇಯ್ಗೆಯವರ ಮನೆಯಲ್ಲೇ. ನೇಯುವುದೇ ಹಣೆಯಲ್ಲಿ ಬರೆದಿತ್ತು. ಆದರೆ ಬರೆದವನು ಕಾಲಿನ ಅಳತೆ ತೆಗೆಯುವುದನ್ನು ಮರೆತಿದ್ದ. ಹದಿನಾಲ್ಕು ತುಂಬುವಷ್ಟರಲ್ಲಿ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಮೊಣಕಾಲು ಗಲ್ಲಕ್ಕೆ ಬಡಿಯುತ್ತಿತ್ತು. ಅವರಪ್ಪ ಗುಂಡಿಯನ್ನು ಒಂದು ಗೇಣು ತೋಡಿದರು. ಕಾಲು ಎರಡು ಗೇಣು ಬೆಳೆಯಿತು. ಮತ್ತೆ ತೋಡಿದರು. ಮತ್ತೆ ಬೆಳೆಯಿತು. ಕೊನೆಗೆ ಸಲಿಕೆ ಎಸೆದು, "ಇನ್ನೊಂದ್ ಮೊಳ ತೋಡುದ್ರ ನೀರ್ ಬತ್ತದ ಕನ್ಲಾ. ಎದ್ದು ಕಾರ್ಡ್ ಹೊಡಿಯಾಕ ಓಗು" ಎಂದರು. ಹಾಗೆ ಎದ್ದು ಹೋದವನು ಅರವತ್ತನಾಲ್ಕನೆಯ ವಯಸ್ಸಿನವರೆಗೂ ಕೂತಲ್ಲಿಂದ ಏಳಲಿಲ್ಲ.

ಆಮೇಲೆ ಕಂಪ್ಯೂಟರ್ ಜಕಾರ್ಡ್ ಬಂತು. ಅದಕ್ಕೆ ರಟ್ಟೂ ಬೇಡ, ತೂತೂ ಬೇಡ. ಮುದ್ದಯ್ಯ ತನ್ನ ಮರದ ಸುತ್ತಿಗೆಯನ್ನು ದೇವರ ಪಟದ ಪಕ್ಕದ ಮೊಳೆಗೆ ನೇತುಹಾಕಿದ. ಅವನ ಹೆಂಡತಿ ಚನ್ನಾಜಮ್ಮ ಹನೂರಿನಾಚೆ ಗಡಿಯ ಕಡೆಯ ಹೆಣ್ಣು. ಸಮಾಧಾನವಿದ್ದಾಗ ಕನ್ನಡ, ಸಿಟ್ಟು ಬಂದರೆ ತಮಿಳು. ಮೂರು ವರ್ಷ ಅವನು ಸುಮ್ಮನೆ ಕೂತಿದ್ದರಿಂದ ಆ ಮನೆಯಲ್ಲಿ ತಮಿಳೇ ಹೆಚ್ಚು ಕೇಳಿಸುತ್ತಿತ್ತು.

ಮುಂದಿನ ಕೋಣೆಯಲ್ಲಿ ಸೊಸೆ ರುದ್ರಾಣಿಯ ಕೆಲಸ. ಕಂಪ್ಯೂಟರ್ ಓದಿದವಳು. ಅಲ್ಲೇ ಎರಡು ಕಂಪ್ಯೂಟರ್ ಇಟ್ಟುಕೊಂಡು ಒಂದು ಸಾಫ್ಟ್‌ವೇರ್ ಮಾಡಿದ್ದಳು. ಅದು ಪಾಠ ಹೇಳುವ ಸಾಫ್ಟ್‌ವೇರ್ ಅಲ್ಲ, ಪಾಠ ಕಟ್ಟುವ ಸಾಫ್ಟ್‌ವೇರ್. ಕಲಿಸುವವರು ಅದರಲ್ಲಿ ಚಿತ್ರ, ಮಾತು, ಪ್ರಶ್ನೆಗಳನ್ನು ಜೋಡಿಸಿ ಪಾಠ ಮಾಡಿಟ್ಟರೆ ಕಲಿಯುವವರು ಮೊಬೈಲಿನಲ್ಲಿ ನೋಡಿಕೊಳ್ಳುತ್ತಾರೆ. ಹಳ್ಳಿಯ ಹೆಂಗಸರಿಗೆ ನೇಯ್ಗೆ ಕಲಿಸುವ ಒಂದು ಟ್ರಸ್ಟಿನ ಕೇಂದ್ರ ಯಳಂದೂರಿನಲ್ಲಿತ್ತು. ಅವರು ಅದನ್ನು ಬಳಸುತ್ತಿದ್ದರು. ರುದ್ರಾಣಿಗೆ ಇದ್ದ ಗಿರಾಕಿ ಅವರೊಬ್ಬರೇ. ಉಳಿದವರೆಲ್ಲ "ನೋಡ್ತೀವಿ" ಎಂದವರು, ಇನ್ನೂ ನೋಡುತ್ತಲೇ ಇದ್ದಾರೆ.

ಆ ಕೇಂದ್ರಕ್ಕೆ ಶಾಗ್ಯದಿಂದ ಪುಟ್ಟಮಲ್ಲಮ್ಮ ಎಂಬ ಹೆಂಗಸು ಬರುತ್ತಿದ್ದಳು. ಐವತ್ತೆರಡು ವಯಸ್ಸು. ರಾಗಿ ಹೊಲದ ಕಳೆ ಕಿತ್ತು ಕಿತ್ತು, ನೆಲವೇ ಹೆದರಿ ಕಳೆ ಹುಟ್ಟಿಸುವುದನ್ನು ನಿಲ್ಲಿಸಿತ್ತಂತೆ. ಅವಳಿಗೆ, ಮಗ್ಗದಲ್ಲಿ ಎಳೆ ಕಡಿದರೆ ಕೂಡಿಸುವ ಪಾಠವನ್ನು ಮೊಬೈಲಿಗೆ ಹಾಕಿಕೊಟ್ಟರು. ನಲವತ್ತಮೂರು ಪುಟ, ಪ್ರತಿ ಪುಟದ ಕೆಳಗೂ 'ಮುಂದೆ' ಎಂಬ ಗುಂಡಿ. ಪುಟ್ಟಮಲ್ಲಮ್ಮ ಶಾಗ್ಯದಲ್ಲಿ ಬಸ್ಸು ಹತ್ತಿ ಆ ಗುಂಡಿಯ ಮೇಲೆ ಹೆಬ್ಬೆಟ್ಟಿಟ್ಟಳು. ರಸ್ತೆಯ ಹಳ್ಳಗಳು ಉಳಿದದ್ದನ್ನು ನೋಡಿಕೊಂಡವು. ಹನೂರು ಬರುವಷ್ಟರಲ್ಲಿ ಪಾಠ ಮುಗಿದು, ನೂರಕ್ಕೆ ನೂರು ಎಂದು ಸರ್ಟಿಫಿಕೇಟ್ ಬಂತು.

ಮಾರನೆಯ ದಿನ ಮಗ್ಗದ ಮೇಲೆ ಒಂದು ಎಳೆ ಕಡಿಯಿತು. ಅದನ್ನು ಕೂಡಿಸಲು ಹೋಗಿ ಪುಟ್ಟಮಲ್ಲಮ್ಮ ಮುನ್ನೂರು ಕಡಿದಳು. ಸಂಜೆಗೆ ಆ ಮಗ್ಗ ಹಂದಿ ನುಗ್ಗಿದ ಜೋಳದ ಹೊಲದಂತಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಮಗ್ಗವೇ ಸರಿಯಿಲ್ಲ ಎನ್ನುತ್ತಿದ್ದರು. ಅವಳು ನೆಟ್ಟಗೆ ಕೇಂದ್ರದ ಮುಖ್ಯಸ್ಥ ಮಹದೇವಪ್ರಸಾದರ ಮೇಜಿನ ಮೇಲೆ ಸರ್ಟಿಫಿಕೇಟ್ ಇಟ್ಟಳು.

"ತಕಳಿ ಸಾ. ಇದು ಸುಳ್ ಯೋಳ್ತದ. ನನ್ಗ ಏನೂ ಬಂದಿಲ್ಲ."

ಮಹದೇವಪ್ರಸಾದ್ ಸೊಳ್ಳೆ ಕಚ್ಚಿದರೂ ದಿನಾಂಕ ಹಾಕಿ ಫೈಲಿಗೆ ಸೇರಿಸುವ ಮನುಷ್ಯ. ಇಂಥದನ್ನು ಬಿಡುತ್ತಾರೆಯೇ? ರುದ್ರಾಣಿಗೆ ಕಾಗದ ಬಂತು. ದೀಪಾವಳಿಯ ಒಳಗೆ ಪಾಠ ಸರಿಹೋಗಬೇಕು. ಪರೀಕ್ಷೆಗೆ ಕೂರುವವರು ಇದೇ ಪುಟ್ಟಮಲ್ಲಮ್ಮ. ಅವರು ಒಂದೇ ದಿನದಲ್ಲಿ ಪಾಠ ಮುಗಿಸಿ, ಕಡಿದ ಎಳೆಯನ್ನು ಯಾರ ಸಹಾಯವೂ ಇಲ್ಲದೆ ಕೂಡಿಸಬೇಕು. ಆಗದಿದ್ದರೆ ಕೇಂದ್ರ ಬೇರೆ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಇದ್ದೊಬ್ಬ ಗಿರಾಕಿಯೂ ಹೋದರೆ ಮುಂದಿನ ಕೋಣೆಯ ಬಾಗಿಲು ಹಾಕುವುದೇ.

ಅವತ್ತು ರುದ್ರಾಣಿ ಊಟಕ್ಕೆ ಏಳಲಿಲ್ಲ. ಮುದ್ದಯ್ಯ ಹೋಗಿ ಅವಳ ಪಕ್ಕ ಕೂತ.

"ಎಲ್ಲಿ, ತೋರ್ಸವ್ವ ನಿನ್ ಪಾಠವ."

ತೋರಿಸಿದಳು. ನಲವತ್ತಮೂರು ಪುಟವನ್ನೂ ನೋಡಿ ಅವನು ಕೇಳಿದ್ದು ಒಂದೇ ಮಾತು. "ಬಂದೋರ್ಗೆಲ್ಲ ಒಂದೇ ಮಾತಾಡ್ತದಲ್ಲವ್ವ? ಇದೇನ್ ರೇಡಿಯೋನಾ?"

"ಅದಕ್ಕೇ ಮಾವ, ಸ್ಕ್ರಿಪ್ಟ್ ಸೇರಿಸ್ಬೇಕು" ಎಂದು ರುದ್ರಾಣಿ ಬಿಡಿಸಿ ಹೇಳಿದಳು. "ಕಲಿಯೋರು ಹಿಂಗೆ ಮಾಡಿದ್ರೆ ಈ ಪುಟಕ್ಕೆ ಹೋಗು, ಹಂಗೆ ಮಾಡಿದ್ರೆ ಆ ಪುಟಕ್ಕೆ ಹೋಗು ಅಂತ ಪಾಠ ಕಟ್ಟೋರೇ ಒಳಗಡೆ ಅಪ್ಪಣೆ ಬರೆದಿಡೋದು. ನನಗೆ ಅಪ್ಪಣೆ ಬರಿಯೋದು ಗೊತ್ತು. ಆದ್ರೆ ಎಳೆ ಕೂಡಿಸೋವಾಗ ಜನ ಏನೇನು ತಪ್ಪು ಮಾಡ್ತಾರೆ ಅನ್ನೋದೇ ಗೊತ್ತಿಲ್ಲ."

"ಹಿಂಗಾದ್ರ ಏಳು, ಇಲ್ದಿದ್ರ ಮಲಗು. ಅಷ್ಟೇ ತಾನೆ?"

"ಅಷ್ಟೇ."

"ಐವತ್ತೊರ್ಷ ನಾನ್ ಇನ್ನೇನ್ ಮಾಡಿವ್ನಿ ಮತ್ತ? ಏಳು, ಅನ್ನ ಉಣ್ಣು. ತಪ್ಪು ನನ್ ತಾವ ಅವೆ, ಗೋಣಿ ಚೀಲ್ದಾಗ ತುಂಬ್ಬೋದು."

ಅನ್ನ ಉಂಡು ರುದ್ರಾಣಿ ಶುರುಮಾಡಿದಳು. ಕಂಪ್ಯೂಟರಿನವರ ಭಾಷೆಯಲ್ಲಿ ಬರೆಯಿರಿ ಎಂದರೆ ಮಾವ ಯಾವ ಕಾಲಕ್ಕೆ ಬರೆದಾರು? ಹಾಗಾಗಿ ಪರದೆಯ ಮೇಲೆ ಚೌಕಳಿ ಗೆರೆ ಎಳೆದು ಕಾರ್ಡಿನ ಹಾಗೇ ಮಾಡಿಕೊಟ್ಟಳು. ಒಂದೊಂದು ಕಾರ್ಡು ಒಂದೊಂದು ಅಪ್ಪಣೆ. ಚೌಕವನ್ನು ಮುಟ್ಟಿದರೆ ತೂತು. ಮೂರು ಸಾಲು: 'ಹೀಗಾದರೆ', 'ಇಲ್ಲವಾದರೆ', 'ನೆನಪಿಡು'. ಮುದ್ದಯ್ಯ ಮುಟ್ಟಿದ, ತೂತು ಬಿತ್ತು. ಮತ್ತೆ ಮುಟ್ಟಿದ, ತೂತು ಹೋಯಿತು.

"ಸದ್ದೇ ಬರಾಕಿಲ್ವಲ್ಲವ್ವ. ಸದ್ದಿಲ್ದೆ ತೂತು ಬಿತ್ತು ಅಂತ ಎಂಗ್ ನಂಬಾದು?"

ರುದ್ರಾಣಿ ಮೊಳೆಯ ಮೇಲಿನ ಮರದ ಸುತ್ತಿಗೆಯನ್ನು ಇಳಿಸಿ, ರಟ್ಟಿನ ಮೇಲೆ ಒಂದು ಏಟು ಹೊಡೆದು, ಆ 'ಟಕ್' ಸದ್ದನ್ನು ಹಿಡಿದು ಚೌಕಗಳಿಗೆ ಜೋಡಿಸಿದಳು. ಅವತ್ತಿನಿಂದ ಮುದ್ದಯ್ಯನನ್ನು ಹಿಡಿಯುವವರಿಲ್ಲ. ಮೂರು ವರ್ಷದ ಮೇಲೆ ಆ ಸದ್ದು ಕೇಳಿ ನಮ್ಮ ಬೀದಿಯ ಹಳೆಯ ಮಗ್ಗಗಳು ತಾವಾಗಿಯೇ ನಾಲ್ಕು ಬೆರಳು ನೇಯ್ದುಕೊಂಡವು ಎಂದರೆ ನೀವು ನಂಬಲಿಕ್ಕಿಲ್ಲ. ಬಿಡಿ.

'ನೆನಪಿಡು' ಎಂಬ ಸಾಲನ್ನು ಮಾತ್ರ ಅವನು ಮುಟ್ಟಲೇ ಇಲ್ಲ. "ಕಾರ್ಡ್ಗ ಯಾಕವ್ವ ನೆಪ್ಪು? ನೆಪ್ಪು ನೇಯೋರ್ಗಿರ್ಬೇಕು" ಎಂದ. ರುದ್ರಾಣಿ ಒತ್ತಾಯ ಮಾಡಲಿಲ್ಲ.

ತಪ್ಪುಗಳ ಪಟ್ಟಿ ನೂರಹದಿನೇಳಕ್ಕೆ ಬಂದು ನಿಂತಿತು. ಮುದ್ದಯ್ಯನಿಗೆ ತಪ್ಪುಗಳು ಸಂಖ್ಯೆಯಿಂದ ನೆನಪಿರಲಿಲ್ಲ, ಮಾಡಿದವರ ಹೆಸರಿನಿಂದ ನೆನಪಿದ್ದವು. ಎಳೆ ಕಡಿದದ್ದನ್ನು ನೋಡದೆ ಇನ್ನೂ ಹತ್ತು ಸಲ ಕಾಲೊತ್ತುವುದು ಒಬ್ಬರ ಹೆಸರಿನಲ್ಲಿ, ಕೂಡಿಸಿದ ಎಳೆಯನ್ನು ಪಕ್ಕದ ಸಂದಿಯಲ್ಲಿ ತೂರಿಸುವುದು ಇನ್ನೊಬ್ಬರ ಹೆಸರಿನಲ್ಲಿ. ಕಡಲೆಕಾಯಿ ಗಾತ್ರದ ಗಂಟು ಹಾಕುವುದು ನಾಗಯ್ಯನ ಹೆಸರಿನಲ್ಲಿ. ಎದುರು ಮನೆಯ ನಾಗಯ್ಯ ಕೈ ಬೀಸಿಕೊಂಡು ಜಗಳಕ್ಕೇ ಬಂದ.

"ಲೇ ಮುದ್ದ, ಊರ್ ತುಂಬ ಮೊಬೈಲ್‌ನಾಗ ನನ್ ಗಂಟ ತೋರುಸ್ತಿದ್ದೀಯಂತೆ?"

"ಬ್ಯಾಡ್ವಾ? ತಗುದ್ಬುಡ್ತೀನಿ. ರಂಗಸ್ವಾಮಿ ಗಂಟು ಅಂತ ಹಾಕ್ತೀನಿ, ಅವನ್ದೂ ದಪ್ಪನೇ."

ನಾಗಯ್ಯ ಸ್ವಲ್ಪ ಯೋಚಿಸಿದ. "ರಂಗಸ್ವಾಮೀದು ಏನ್ ಮಹಾ ಗಂಟು? ನಂದೇ ಇರ್ಲಿ ಬುಡು."

ಈ ಸುದ್ದಿ ಹಬ್ಬಿದ ಮೇಲೆ ತಮ್ಮ ತಪ್ಪು ಪಟ್ಟಿಯಲ್ಲಿ ಇದೆಯೇ ಎಂದು ಕೇಳಿಕೊಂಡು ಬರುವವರೇ ಹೆಚ್ಚಾದರು. ಮೂವತ್ತೊಂದನೆಯದು ನನ್ನದು. ಅದೇನೆಂದು ಇಲ್ಲಿ ಹೇಳುವುದಿಲ್ಲ, ಬೇಕಾದವರು ಪಾಠ ತೆಗೆದುಕೊಂಡು ನೋಡಲಿ.

ತಪ್ಪು ಮಾಡಿದರೆ ಪಾಠ ಏನು ಹೇಳಬೇಕು ಎಂಬುದರಲ್ಲಿ ಮಾವ ಸೊಸೆಗೆ ಒಂದು ದಿನ ವಾದವಾಯಿತು. ರುದ್ರಾಣಿ, 'ನಿಮ್ಮ ಪ್ರಯತ್ನ ತಪ್ಪಾಗಿದೆ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ' ಎಂದು ಬರೆದಿದ್ದಳು.

"ಇದ್ನ ಕೇಳ್ಕಂಡು ಲೋಕ್ದಾಗ ಯಾರಾದ್ರೂ ನೇಯ್ದವ್ರಾ?" ಎಂದ ಮುದ್ದಯ್ಯ. ಕೊನೆಗೆ ಅವನ ದನಿಯನ್ನೇ ಹಿಡಿದರು. 'ಅಯ್ಯಯ್ಯೋ, ಕಾಲ್ ಎತ್ತವ್ವ ಮೊದ್ಲು!' 'ಇದು ಗಂಟೋ, ಗೊಜ್ಜಿನ್ ಉಣಸೇಹಣ್ಣೋ?' 'ಹಾಂ, ಹಂಗ. ಈಗ ಸರ್ಯಾಗ್ ಬಂತು ನೋಡು.' ಹಿಂದೆ ನಾಗಯ್ಯನ ಮಗ್ಗದ ಲಾಳಿಯ ಸದ್ದೂ ಸೇರಿಕೊಂಡಿತು. ದಿನವಿಡೀ ಮೊಬೈಲಿನ ಮುಂದೆ ಕೂತು ಬಯ್ಯುವ ಗಂಡನನ್ನು ನೋಡಿ ಚನ್ನಾಜಮ್ಮ, "ಪೋದುಂ, ಪೋದುಂ! ಸಾಕು ಬುಡಿ, ಆ ಮೊಬೈಲ್ಗೂ ಮಾನ ಅದೆ" ಎಂದಳು. ಆದರೆ ಅನ್ನದ ಜೊತೆ ಹಪ್ಪಳ ಬೀಳತೊಡಗಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ರುದ್ರಾಣಿ ಸ್ನಾನಕ್ಕೆ ಹೋದಾಗ ಮುದ್ದಯ್ಯ ಕಾರ್ಡುಗಳನ್ನೆಲ್ಲ ಕೊನೆಯ ಸಲ ನೋಡಿದ. ಆರುನೂರ ಹನ್ನೆರಡು ಕಾರ್ಡು, ಒಂದೊಂದೂ ಸರಿ. ಆದರೆ ಕೊನೆಯ ಕಾರ್ಡು ಯಾವುದಕ್ಕೂ ಸೇರದೆ ನೇತಾಡುತ್ತಿತ್ತು. ಪಾಪ, ಓದಿದ ಹುಡುಗಿ, ಗಡಿಬಿಡಿಯಲ್ಲಿ ಮರೆತಿದ್ದಾಳೆ ಎಂದುಕೊಂಡ. ಹೇಳಿದರೆ ನೊಂದುಕೊಂಡಾಳು ಎಂದು ಹೇಳಲೂ ಇಲ್ಲ. ಟಕ್ ಟಕ್ ಎಂದು ಎರಡು ತೂತು ಹೊಡೆದು ಸರಿಮಾಡಿ, ಶರಟು ಹಾಕಿಕೊಂಡು ಬಸ್ಸಿಗೆ ಹೊರಟ. ನನ್ನನ್ನೂ ಎಳೆದುಕೊಂಡು ಹೋದರು, ಧೈರ್ಯಕ್ಕೆ.

ಯಳಂದೂರಿನ ಕೇಂದ್ರದಲ್ಲಿ ಹತ್ತೂವರೆಗೆ ಪುಟ್ಟಮಲ್ಲಮ್ಮ ಮೊಬೈಲು ಹಿಡಿದು ಕೂತಳು. ಪಕ್ಕದಲ್ಲಿ ಪೆನ್ಸಿಲು, ಹಾಳೆ ಹಿಡಿದು ಮಹದೇವಪ್ರಸಾದ್. ಈಗ ಪರದೆಯಲ್ಲಿ 'ಮುಂದೆ' ಗುಂಡಿಯ ಬದಲು ಬೆರಳಿನಿಂದ ನಡೆಸುವ ಮಗ್ಗದ ಚಿತ್ರವಿತ್ತು, ಅದರಲ್ಲಿ ಕಾಲೊತ್ತುವ ಜಾಗದ ಮೇಲೆ ರೂಢಿಯಂತೆ ಅವಳು ಮೊದಲು ಹೆಬ್ಬೆಟ್ಟು ಒತ್ತಿದಳು.

"ಅಯ್ಯಯ್ಯೋ, ಕಾಲ್ ಎತ್ತವ್ವ ಮೊದ್ಲು!" ಎಂದಿತು ಮೊಬೈಲು.

ಪುಟ್ಟಮಲ್ಲಮ್ಮ ಬೆಚ್ಚಿಬಿದ್ದು ಎರಡು ಕಾಲನ್ನೂ ಬೆಂಚಿನ ಮೇಲೆ ಎತ್ತಿಕೊಂಡಳು. "ಇದ್ಯಾರಪ್ಪ ಒಳಗಿರೋರು?"

ಮುದ್ದಯ್ಯ ಗೋಡೆಯ ಕಡೆ ಮುಖ ಮಾಡಿದ.

ಮೊದಲ ಸುತ್ತಿನಲ್ಲಿ ಪಾಠ ಅವಳನ್ನು ಹತ್ತೊಂಬತ್ತು ಸಲ ಬಯ್ದಿತು. ಅವಳೂ ಬಿಡಲಿಲ್ಲ, ಹದಿನೇಳು ಸಲ ತಿರುಗಿ ಬಯ್ದಳು. ನಾಗಯ್ಯನ ಗಂಟು ಹಾಕಿದಳು, ನನ್ನ ತಪ್ಪನ್ನೂ ಮಾಡಿದಳು. ಪ್ರತಿ ತಪ್ಪಿಗೂ ಪಾಠ ಬೇರೆ ಬೇರೆ ಕಡೆ ತಿರುಗಿ, ಅವಳು ಎಲ್ಲಿ ಎಡವಿದಳೋ ಅಲ್ಲೇ ಕೂರಿಸಿ ತೋರಿಸಿತು. ರುದ್ರಾಣಿಯ ಮುಖ ಅರಳುತ್ತಾ ಬಂತು. ಹನ್ನೆರಡೂವರೆಗೆ ಕೊನೆಯ ಕಾರ್ಡು ಬಂತು. ಇನ್ನೇನು ಪಾಠ ಮುಗಿಯಬೇಕು.

ಪಾಠ ಮತ್ತೆ ಮೊದಲಿನಿಂದ ಶುರುವಾಯಿತು.

"ಇನ್ನೊಂದ್ ಸುತ್ತಾ? ಸರಿ ಬುಡಿ" ಎಂದು ಪುಟ್ಟಮಲ್ಲಮ್ಮ ಮುಂದುವರಿದಳು. ಎರಡೂಕಾಲಿಗೆ ಎರಡನೆಯ ಸುತ್ತು ಮುಗಿದು ಮೂರನೆಯದು ಶುರುವಾಯಿತು. ಮಹದೇವಪ್ರಸಾದ್ ಕನ್ನಡಕ ತೆಗೆದು ಒರೆಸಿದರು. "ಏನಮ್ಮ ರುದ್ರಾಣಿ, ಇದು ಮುಗಿಯುತ್ತೋ, ಇಲ್ಲ ಮುಂದಿನ ದೀಪಾವಳಿಗೆ ಬರಲೋ? ಪಾಠ ಮುಗಿಸಬೇಕು ಅಂತ ಕಾಗದದಲ್ಲಿ ಬರೆದಿದ್ದೀನಿ."

ರುದ್ರಾಣಿ ಕಂಪ್ಯೂಟರ್ ತೆಗೆದು ನೋಡಿದಳು. ಮಾವನನ್ನು ಹೊರಗೆ ಜಗಲಿಗೆ ಕರೆದಳು.

"ಮಾವ, ಕೊನೆ ಕಾರ್ಡನ್ನ ನೀವೇನಾದ್ರೂ ಮುಟ್ಟಿದ್ರಾ?"

"ಹೂಂ. ನೀನು ಹಂಗೇ ಬುಟ್ಬುಟ್ಟಿದ್ಯಲ್ಲ, ಮೊದಲ್ನೇದ್ಕ ಹೊಲ್ದೆ."

"ಮೊದಲನೇದಕ್ಕಾ!"

"ಇನ್ಯಾತಕ್ಕ ಹೊಲ್ಯಾರು? ಕೊನೆ ಕಾರ್ಡ ಮೊದಲ್ನೇದ್ಕ ಹೊಲೀದೆ ಇದ್ರ, ಸರಪಣಿ ಮ್ಯಾಲಿಂದ ಜಾರಿ ನೇಯೋನ ತಲ ಮ್ಯಾಲ ಬೀಳ್ತದ. ನಮ್ಮಪ್ಪನ ಕಾಲ್ದಾಗ ಒಬ್ಬುನ್ ತಲ ಒಡ್ದಿತ್ತು."

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೊನೆಗೆ ಕಣ್ಣು ಒರೆಸಿಕೊಂಡು, "ಬೇಕು ಅಂತಲೇ ಬಿಟ್ಟಿದ್ದೆ ಮಾವ. ಅಲ್ಲಿಗೆ ಪಾಠ ಮುಗೀಬೇಕಿತ್ತು. ಈಗಲೇ ಆ ಹೊಲಿಗೆ ಕತ್ತರಿಸ್ತೀನಿ" ಎಂದಳು.

ಮುದ್ದಯ್ಯ ಉದ್ದನೆಯ ಕಾಲು ಮಡಿಸಿ ಜಗಲಿಯ ಮೇಲೆ ಕೂತ. ಐವತ್ತು ವರ್ಷದಲ್ಲಿ ಎರಡನೆಯ ಸಲ ನವಿಲಿಗೆ ಮೂರು ಕಾಲು ಹುಟ್ಟಿತ್ತು, ಅದೂ ಸೊಸೆಯ ನವಿಲಿಗೆ.

ಆಮೇಲೆ ತಲೆ ಎತ್ತಿದ. "ಕತ್ತರಿಸ್ಬ್ಯಾಡ ಕನವ್ವ. ಕತ್ತರಿಸುದ್ರ ಮತ್ತ ಹೆಬ್ಬೆಟ್ಟೊತ್ಕಂಡು ಕೊನೀಗ್ ಬರೋರೇ. ಮಗ್ಗದಾಗ ಸರಪಣಿ ಯಾವತ್ತೂ ಮುಗ್ಯಾಕಿಲ್ಲ. ಸೀರೆ ಮುಗೀತದ."

"ಸೀರೆ ಮುಗೀತು ಅಂತ ನೇಯೋರಿಗೆ ಹೆಂಗೆ ಗೊತ್ತಾಗುತ್ತೆ?"

"ಒಂದ್ ಹಾಸಿಗ ಮೂರ್ ಸೀರೆ. ಉದ್ದದ್ ಎಳೆ ಹಾಸು ಹಾಕೋವಾಗ್ಲೇ ಒಂದೊಂದ್ ಸೀರೆ ಮುಗ್ಯೋ ಜಾಗ್ದಾಗ ಒಂದ್ ಕೆಂಪು ದಾರ ಕಟ್ಟಿರ್ತಾರ. ನೇಯ್ತಾ ನೇಯ್ತಾ ಕೆಂಪು ಬಂತು ಅಂದ್ರ ಸೀರೆ ಆಯ್ತು. ಅದೇ ಮಗ್ಗದ..." ಎಂದವನು ನಿಲ್ಲಿಸಿದ. ಸೊಸೆಯ ಮುಖ ನೋಡಿದ. "ಅದೇ ಮಗ್ಗದ ನೆಪ್ಪು ಅಲ್ವೇನವ್ವ? ನೀನು ಮೂರ್ನೇ ಸಾಲ ಮಡಗಿದ್ಯಲ್ಲ, ನಾನೇ ಬ್ಯಾಡ ಅಂದುದ್ದು."

ರುದ್ರಾಣಿ ಆಗಲೇ ಕಂಪ್ಯೂಟರ್ ತೊಡೆಯ ಮೇಲಿಟ್ಟುಕೊಂಡಿದ್ದಳು. ಒಂದು ಕಾರ್ಡು ತೆಗೆದು ಮಾವನ ಮುಂದೆ ಹಿಡಿದಳು. "ನೀವೇ ಹೊಡೀರಿ. ಎಷ್ಟು ಸಲ ಸರಿಯಾಗಿ ಕೂಡಿಸಿದ್ರೆ ಬಂತು ಅಂತ ಲೆಕ್ಕ?"

"ಮೂರ್ ಸಲ. ಯಾರೂ ಯೋಳ್ಕೊಡ್ದೆ, ಒಂದರ ಹಿಂದ ಒಂದು."

ಮುದ್ದಯ್ಯ 'ನೆನಪಿಡು' ಸಾಲಿನಲ್ಲಿ ಮೊದಲ ಸಲ ಬೆರಳಿಟ್ಟ. ಟಕ್. ಸಹಾಯವಿಲ್ಲದೆ ಕೂಡಿಸಿದ್ದನ್ನೆಲ್ಲ ನೆನಪಿಡು. ಟಕ್. ಸಾಲಾಗಿ ಮೂರಾದರೆ ಹೊರಗೆ ಬಿಡು. ಟಕ್. ಇಲ್ಲವಾದರೆ ಇನ್ನೊಂದು ಸುತ್ತು. ಆಮೇಲೆ ಮೊಬೈಲಿಗೆ ಬಾಯಿಟ್ಟು, ಪಾಠ ಮುಗಿದಾಗ ಹೇಳಬೇಕಾದ ಮಾತನ್ನೂ ಹೇಳಿದ.

ಒಳಗೆ ಬಂದಾಗ ಮೂರನೆಯ ಸುತ್ತು ಮುಗಿಯುತ್ತಿತ್ತು. ಹೊಸ ಕಾರ್ಡನ್ನು ಪುಟ್ಟಮಲ್ಲಮ್ಮನ ಮೊಬೈಲಿಗೆ ಕಳಿಸಿದರು. ನಾಲ್ಕನೆಯ ಸುತ್ತಿನಲ್ಲಿ ಅವಳು ಪರದೆಯ ಮಗ್ಗದಲ್ಲಿ ಎಳೆಯ ಹಿಂದಿನ ತುದಿ ಹುಡುಕಿದಳು, ತುಂಡು ಕೂಡಿಸಿದಳು, ಸಣ್ಣ ಗಂಟು ಹಾಕಿದಳು, ಸರಿಯಾದ ಸಂದಿಯಲ್ಲಿ ತೂರಿಸಿದಳು. ಒಂದು. ಮತ್ತೆ. ಎರಡು. ಮುದ್ದಯ್ಯ ಗೋಡೆಗೆ ಎಷ್ಟು ಬಲವಾಗಿ ಒರಗಿದ್ದನೆಂದರೆ ಗೋಡೆ ಆಚೆಯ ಕೋಣೆಗೆ ಒಂದು ಗೇಣು ಸರಿದಿರಬೇಕು. ಮೂರು.

"ಇಲ್ಲಿಗ ಒಂದ್ ಸೀರೆ ಆಯ್ತು ಕನವ್ವ" ಎಂದಿತು ಮೊಬೈಲು. "ಹಾಸಿನಾಗ ಇನ್ನೂ ಎಲ್ಡವೆ, ಎದ್ದೋಗ್ಬ್ಯಾಡ."

ಮಹದೇವಪ್ರಸಾದ್ ಎದ್ದು, ಪಕ್ಕದ ಮಗ್ಗದ ಹತ್ತಿರ ಹೋಗಿ ತಾವೇ ಒಂದು ಎಳೆ ಕಡಿದರು. ಪುಟ್ಟಮಲ್ಲಮ್ಮ ಮಗ್ಗಕ್ಕೆ ಇಳಿದಳು. ಯಾರೂ ಉಸಿರಾಡಲಿಲ್ಲ. ಆ ಐದು ನಿಮಿಷ ಯಳಂದೂರಿನಲ್ಲಿ ಗಾಳಿ ಹಾಗೇ ಉಳಿದಿತ್ತು. ಅವಳು ಕೈ ತೆಗೆದಾಗ ಮಹದೇವಪ್ರಸಾದ್ ಬಗ್ಗಿ, ಕನ್ನಡಕ ಏರಿಸಿ, ಗಂಟು ಎಲ್ಲಿದೆ ಎಂದು ಹುಡುಕಿದರು. ಹುಡುಕಿ ಹುಡುಕಿ ಸೋತರು.

"ಎಲ್ಲಮ್ಮ ಗಂಟು?"

"ಕಾಣುದ್ರ ಅದು ಗಂಟಾ ಸಾ? ಮೊಬೈಲ್‌ನಾಗಿರೋ ಯಜಮಾನ್ರು ಬಯ್ಯಾಕಿಲ್ವಾ?"

ಮಹದೇವಪ್ರಸಾದ್ ಪೆನ್ಸಿಲಿನ ಹಾಳೆ ತೆಗೆದು ರುದ್ರಾಣಿಗೆ ತೋರಿಸಿದರು. ಮೊದಲ ಸುತ್ತಿನಲ್ಲಿ ಹತ್ತೊಂಬತ್ತು ತಪ್ಪು, ಎರಡನೆಯದರಲ್ಲಿ ಆರು, ಮೂರನೆಯದರಲ್ಲಿ ಒಂದು, ನಾಲ್ಕನೆಯದರಲ್ಲಿ ಸೊನ್ನೆ. "ಮೂವತ್ತು ವರ್ಷದಿಂದ ತರಬೇತಿ ಕೊಡಿಸ್ತಿದ್ದೀನಿ, ತಪ್ಪು ಹಿಂಗೆ ಇಳಿದಿದ್ದನ್ನ ನೋಡಿರಲಿಲ್ಲ. ಉಳಿದ ಪಾಠಗಳನ್ನೂ ಹಿಂಗೇ ಕಟ್ಟಿಕೊಡಿ. ಮುಗೀದೆ ಸುತ್ತೋ ಉಪಾಯ ಯಾರದ್ದು? ಫೈಲಿಗೆ ಬರೀಬೇಕು."

ರುದ್ರಾಣಿ ಮಾವನ ಕಡೆ ಬೆರಳು ತೋರಿಸಿದಳು. ಮುದ್ದಯ್ಯ ಉಪಾಯವಲ್ಲ, ತಪ್ಪು ಎಂದು ಹೇಳಲು ಬಾಯಿ ತೆರೆದ. ಸೊಸೆ ಅವನ ಕಾಲು ತುಳಿದಳು. ನೂರಹದಿನೆಂಟನೆಯ ತಪ್ಪಿಗೆ ಮುದ್ದಯ್ಯನ ಹೆಸರಿಟ್ಟದ್ದು ಮನೆಗೆ ಬಂದ ಮೇಲೆ.

ಆ ದನಿ ಯಾರದೆಂದು ಆಗ ಪುಟ್ಟಮಲ್ಲಮ್ಮನಿಗೆ ಗೊತ್ತಾಯಿತು. ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಅಷ್ಟು ಉದ್ದ ನೋಡಿ ಮುಗಿಸಲು ಸ್ವಲ್ಪ ಹೊತ್ತು ಹಿಡಿಯಿತು.

"ನೀನೇನಣ್ಣ ಬೆಳಿಗ್ಗೆಯಿಂದ ನನ್ನ ಬಯ್ದೋನು?"

"ನಾನೇ ಕನವ್ವ. ಇನ್ನೂ ಎಲ್ಡ್ ಸೀರೆ ಅವೆ, ಕೂತ್ಕೊ."

"ಕೂತ್ಕೊಂಡ್ರ ಆಯ್ತು! ನಾಲ್ಕೂವರೆ ಬಸ್ಸು ನಿನ್ ಸರಪಣಿ ಥರ ಸುತ್ಕಂಡ್ ಬತ್ತದಾ?" ಎಂದು ಚೀಲ ಎತ್ತಿಕೊಂಡು ಓಡಿದಳು.

ಬಸ್ಸು ಆಗಲೇ ಹೊರಟಿತ್ತು. ಆಗ ಮುದ್ದಯ್ಯ ಓಡಿದ. ಅರವತ್ತೇಳರ ಮನುಷ್ಯ ಮೂರೇ ಹೆಜ್ಜೆಗೆ ಯಳಂದೂರನ್ನು ದಾಟಿ, ರಸ್ತೆಯ ಆ ಅಂಚಿಗೆ ಒಂದು ಕಾಲು, ಈ ಅಂಚಿಗೆ ಒಂದು ಕಾಲು ಇಟ್ಟು ಬಸ್ಸಿಗೆ ಅಡ್ಡ ನಿಂತ. ಅವರಪ್ಪ ಗುಂಡಿ ತೋಡಿ ತೋಡಿ ಸೋತ ಕಾಲುಗಳು ಒಂದು ದಿನಕ್ಕಾದರೂ ಉಪಯೋಗಕ್ಕೆ ಬಂದವು.

"ಏನ್ರೀ ತಾತ, ಸಾಯೋಕ್ ಬಂದ್ರಾ?" ಎಂದ ಕಂಡಕ್ಟರು.

"ಇಲ್ಲ ಕನಪ್ಪ" ಎಂದ ಮುದ್ದಯ್ಯ, ಏದುಸಿರು ಬಿಡುತ್ತಾ. "ಈಯಮ್ಮ ಪಾಸಾಗವ್ಳೆ. ಹತ್ತುಸ್ಕೊ."